ಯಜಮಾನರಿಗಿಂತ ಮುಂಚೆ ಊಟ

ಬನ್ರವ್ವ, ಕಾಲು ಚಾಚ್ಕೊಂಡು ಕೂತ್ಕಳಿ, ಹೇಳ್ತೀನಿ. ಮಲಗಿದ್ರೆ ಮೂಗು ಕಟ್ಟೋದು, ಹುಳಿ ನೀರು ಗಂಟಲಿಗೆ ಬಂದು ಉಸಿರೇ ನಿಂತಂಗಾಗೋದು. ಸತ್ತೇ ಹೋಗ್ತೀನಿ ಅಂತ ಹೆದರಿ, ಯಜಮಾನರ ಜೊತೆ ನಿಟ್ಟೂರಿಂದ ತುಮಕೂರಿಗೆ ಹೋದೆ.

ಡಾಕ್ಟರಮ್ಮ ಎದೆ, ಮೂಗು ಎಲ್ಲಾ ನೋಡಿ, "ಊಟ ಎಷ್ಟೊತ್ತಿಗಜ್ಜಿ?" ಅಂದ್ಳು.

"ಇವರು ಉಂಡಮೇಲೆ ಕಣವ್ವ. ಹತ್ತು ಗಂಟೆಗೆ ಮುದ್ದೆ ನುಂಗಿ, ಹಂಗೇ ಮಲಗ್ತೀನಿ."

"ಹಾರ್ಟ್ ಚೆನ್ನಾಗಿದೆ. ಹೊಟ್ಟೆ ಹುಳಿ ಮೇಲೇರ್ತಿದೆ, ಮೂಗೂ ಕಟ್ಟಿದೆ, ಅದಕ್ಕೇ ಉಸಿರು ಕಷ್ಟ. ಮೂಗಿಗೆ ಔಷಧಿ ಕೊಡ್ತೀನಿ. ಇನ್ಮೇಲೆ ಏಳು ಗಂಟೆಗೇ ಉಣ್ಣಿ."

"ನನಗಿಂತ ಮುಂಚೆನಾ?" ಅಂದ್ರು ಯಜಮಾನರು.

"ತಾತ, ಅಜ್ಜಿ ಬೇಕೋ, ಪದ್ಧತಿ ಬೇಕೋ?"

ಅವರು ತಲೆ ಕೆರ್ಕೊಂಡ್ರು. "ಅಜ್ಜೀನೇ ಇರ್ಲಿ ಬುಡಮ್ಮ."

ಆ ಡಾಕ್ಟರಮ್ಮ ಕುಣಿಗಲ್ಲಿಗೆ ವರ್ಗವಾಗಿ ಹೋದ್ಳು. ನಾನೀಗ ಏಳು ಗಂಟೆಗೇ ಉಂಡು, ಬೆಳಗಾಗೋ ತನಕ ನಿದ್ದೆ ಮಾಡ್ತೀನಿ. ಯಜಮಾನರು ತಾವೇ ಬಡಿಸ್ಕೊಂಡು ಉಣ್ತಾರೆ. ಸಾರಿನ ಪಾತ್ರೆ ಮುಚ್ಚೋದು ಮಾತ್ರ ಇನ್ನೂ ಕಲ್ತಿಲ್ಲ.