ವಿಠಲನಿಗೆ ನಾನು ಕೊಟ್ಟ ಅಕ್ಕ

ಕಳೆದ ವಾರ ಅಬುಧಾಬಿಯ ಕನ್ನಡ ಸಂಘವೊಂದರಿಂದ ಫ್ಯಾಕ್ಸ್ ಬಂತು. ಏಳು ವರ್ಷಗಳ ಹಿಂದೆ ಅವರ ಸಭೆಯಲ್ಲಿ ನಾನು ಓದಿದ, ಅಂದೇ ಸಂಘದ ಸಂಚಿಕೆಯಲ್ಲಿ ಅಚ್ಚಾಗಿದ್ದ ಹಾಡೊಂದರ ವ್ಯಾಖ್ಯಾನವನ್ನು ಮರುಮುದ್ರಿಸಲು ಒಪ್ಪಿಗೆ ಬೇಕಂತೆ. ಜೊತೆಗೆ ಕಳಿಸಿದ್ದ ಹಳೆಯ ಪ್ರತಿಯನ್ನು ಓದುತ್ತ ನನ್ನ ಕಿವಿ ಬಿಸಿಯಾಯಿತು. ‘ತವರಿನ ಹಂಬಲ’ ಎಂಬ ಮಾತನ್ನು ಒಂದೇ ಪುಟದಲ್ಲಿ ನಾಲ್ಕು ಸಲ ಬಳಸಿದ್ದೆ. ಕನ್ನಡ ಎಂ.ಎ. ಮುಗಿಸಿ ಅಲ್ ಐನ್‌ನ ಶಾಲೆಗೆ ಶಿಕ್ಷಕಿಯಾಗಿ ಆಗಷ್ಟೇ ಸೇರಿದ್ದ ಕಾಲ. ಹೋಟೆಲಿನ ತಿಂಡಿಪಟ್ಟಿಯಲ್ಲೂ ಧ್ವನ್ಯರ್ಥ ಹುಡುಕುತ್ತಿದ್ದವಳು ನಾನು. ಅಂಥವರನ್ನು ನೀವೂ ಸಹಿಸಿಕೊಂಡಿರಬಹುದು.

ಹಾಡು ಕಟ್ಟಿ ಹಾಡಿದವನು ವಿಠಲ, ಜೆಬೆಲ್ ಅಲಿಯ ಗೋದಾಮೊಂದರ ಕೆಲಸಗಾರ, ಕುಂದಾಪುರದ ಕಡೆಯವನು.

‘ಎರಡು ಬೇಸಿಗೆ ಕಳೆದವು ಅಕ್ಕಾಮಾ, ನಿನ್ನ ಮುಖ ಕಾಣಲಿಲ್ಲ;
ನೀನಿಲ್ಲದೆ ಹೊಸ್ತಿಲ ದಾಟುವ ಧೈರ್ಯ ನನಗಿಲ್ಲ.’

ಸಭೆಯ ಹಿಂದಿನ ಸಾಲುಗಳಲ್ಲಿದ್ದ ಕಾರ್ಮಿಕರ ಕ್ಯಾಂಪಿನವರು ನಕ್ಕರು. ವಿರಹಕ್ಕೆ ನಗುವ ಅರಸಿಕರೆಂದು ಅವರನ್ನು ವೇದಿಕೆಯಿಂದಲೇ ಗದರಿಸಿ, ಊರಿನಲ್ಲಿ ದಾರಿ ಕಾಯುವ ಅಕ್ಕನನ್ನು ವರ್ಣಿಸತೊಡಗಿದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಮುಖ್ಯ ಅತಿಥಿಯಾಗಿದ್ದವರು ವಿಠಲ ದುಡಿಯುತ್ತಿದ್ದ ಕಂಪನಿಯ ಮಾಲೀಕರೇ. ಅವರು ಮೈಕು ಹಿಡಿದು, ಆ ಅಕ್ಕನಿಗೆ ತಮ್ಮ ಕಡೆಯಿಂದ ಒಂದು ರೇಷ್ಮೆ ಸೀರೆ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ವಿಠಲ ಮಾತ್ರ ನೆಲ ನೋಡುತ್ತಿದ್ದ.

ಸಭೆ ಮುಗಿದ ಮೇಲೆ ಅವನು ಮೆಟ್ಟಿಲ ಬಳಿ ನನ್ನನ್ನು ತಡೆದ.

“ಚಂದ ಮಾತಾಡಿದ್ರಿ ಮೇಡಂ. ಆದ್ರೆ ನಂಗೆ ಅಕ್ಕನೇ ಇಲ್ಲ ಮಾರಾಯ್ರೆ.”

ಮತ್ತೆ ಅಕ್ಕಾಮಾ ಯಾರು ಎಂದೆ.

“ಅಕಾಮಾ. ಇಲ್ಲಿರ್ಲಿಕ್ಕೆ ಪರ್ಮಿಟ್. ಸೌದಿಯಲ್ಲಿದ್ದವ್ರೆಲ್ಲ ಹಾಗೇ ಹೇಳೂದು. ಎರಡು ವರ್ಷ ಆಯ್ತು, ಕಂಪನಿ ರಿನ್ಯೂ ಮಾಡ್ಲಿಲ್ಲ. ಪಾಸ್‌ಪೋರ್ಟೂ ಅವ್ರ ಹತ್ರವೇ. ನೇರ ಹೇಳಿದ್ರೆ ಖಲಾಸ್. ಅದ್ಕೆ ಅಕ್ಕ ಮಾಡಿ ಹಾಡಿದ್ದು. ಓದಿದವ್ರು ಯಾರಾದ್ರೂ ಅರ್ಥ ಮಾಡಿ ಕೇಳ್ತಾರೆ ಅಂತ.”

ಓದಿದವಳು ಅರ್ಥ ಮಾಡಿದ್ದಳು. ಗದರಿಸಿಕೊಂಡವರಿಗೆ ಮೊದಲ ಸಾಲಿಗೇ ತಿಳಿದಿತ್ತು.

ಒಳಗೆ ಮಾಲೀಕರು ಇನ್ನೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈಗಲೇ ಹೋಗಿ ಕೇಳುತ್ತೇನೆಂದು ತಿರುಗಿದೆ.

“ಬೇಡ. ಸೀರೆ ಕೊಡ್ತೇನೆ ಅಂದ ಮೇಲೆ ಈಗ ಹೇಳಿದ್ರೆ ನಾನು ಅವ್ರ ಮರ್ಯಾದೆ ತೆಗೆದ ಹಾಗೆ ಆಗ್ತದೆ. ಹಾಡ್ತಿದ್ದಾಗ ಕೇಳಿದ್ರೆ ಬೇರೆ ಇತ್ತು.”

ಅವನು ಬೇಡವೆಂದದ್ದು ನನಗೆ ಅನುಕೂಲವೇ ಆಯಿತು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಟ್ಯಾಕ್ಸಿ ಹಿಡಿದು ಹೊರಟುಬಿಟ್ಟೆ. ಮೂರು ವಾರಗಳ ನಂತರ ಬಸ್ ನಿಲ್ದಾಣದ ತಪಾಸಣೆಯಲ್ಲಿ ವಿಠಲ ಸಿಕ್ಕಿಬಿದ್ದ, ಕೆಲವು ದಿನ ಒಳಗಿದ್ದು ಉಟ್ಟ ಬಟ್ಟೆಯಲ್ಲೇ ಊರಿಗೆ ರವಾನೆಯಾದ ಎಂದು ಕೇಳಿದೆ. ಆಗಲೂ ನಾನು ಯಾರಿಗೂ ಒಂದು ಪತ್ರ ಬರೆಯಲಿಲ್ಲ.

ಈಗ ಬರೆದಿದ್ದೇನೆ. ಹಳೆಯ ವ್ಯಾಖ್ಯಾನವನ್ನು ಹಿಂತೆಗೆದುಕೊಂಡು, ಹೊಸದನ್ನು ಹೀಗೆ ಆರಂಭಿಸಿದೆ: ಇದು ಊರಿನ ಹಾಡಲ್ಲ, ದೂರಿನ ಹಾಡು. ಯಾರ ಮೇಲಿನ ದೂರು ಎಂಬುದನ್ನೂ, ಅದನ್ನು ಸಭೆಗೆ ಕೇಳಿಸದಂತೆ ಮಾಡಿದವಳು ನಾನೆಂಬುದನ್ನೂ ಹೆಸರು ಸಹಿತ ಬರೆದು ಕಳಿಸಿದೆ.

ನಿನ್ನೆ ಸಂಘದ ಕಾರ್ಯದರ್ಶಿಗಳ ಫೋನು ಬಂತು. ಆ ಮಾಲೀಕರೇ ಈ ಸಲದ ಅಧ್ಯಕ್ಷರಂತೆ. ನಿಮ್ಮ ಹೆಸರಿದ್ದರೆ ಅಡ್ಡಿಯಿಲ್ಲ, ಅವರದೊಂದನ್ನು ಬಿಡಬಹುದೇ ಎಂದು ಬಹಳ ವಿನಯದಿಂದ ಕೇಳಿದರು.

ಬಿಡಲಾಗದು ಎಂದೆ. ಅದೇ ವಿನಯದಿಂದ ಅವರು ಮತ್ತೊಮ್ಮೆ ಕೇಳಿದರು. ಈ ಸಲ ನಾನು ಫೋನಿಟ್ಟು ತಪ್ಪಿಸಿಕೊಳ್ಳಲಿಲ್ಲ; ಅದನ್ನೇ ಮತ್ತೆ ಹೇಳಿದೆ.