ನರಿಗೆ ಮಾತು ಕೊಡುವವಳು ಕೂರಲು ಜಾಗ ಹುಡುಕಿದ್ದು

ನಮ್ಮ ಬೀದಿಯ ಮಾತಿನಕ್ಕನ ಕಸುಬು ಕೇಳಿದರೆ ನಿಮಗೆ ನಗು ಬರುತ್ತದೆ. ನಕ್ಕುಬಿಡಿ, ಆಮೇಲೆ ಮುಂದಕ್ಕೆ ಹೋಗೋಣ. ಬೇರೆ ಭಾಷೆಯ ಕಾರ್ಟೂನುಗಳಿಗೆ ಅವಳು ನಮ್ಮ ಭಾಷೆಯಲ್ಲಿ ಮಾತು ಬರೆಯುತ್ತಾಳೆ. ತೆರೆಯ ಮೇಲೆ ನರಿ ಬಾಯಿ ತೆರೆದರೆ ಮಾತೂ ತೆರೆಯಬೇಕು, ತುಟಿ ಮುಚ್ಚಿದರೆ ಮಾತೂ ಮುಚ್ಚಬೇಕು. ಇದು ಸುಮ್ಮನೆ ಕೂತು ಬರೆಯುವ ಬಾಬತ್ತಲ್ಲ. ನರಿ ಗೋಗರೆದರೆ ತಾನೂ ಗೋಗರೆಯಬೇಕು, ಕರಡಿ ಗುಡುಗಿದರೆ ತಾನೂ ಗುಡುಗಬೇಕು. ಆಗಲೇ ಸಾಲು ಹಿಡಿತಕ್ಕೆ ಸಿಗುವುದು.

ಆಫೀಸಿನ ಕೆಲಸ ಬಿಟ್ಟು ಇದಕ್ಕೆ ಇಳಿದವಳಿಗೆ ಸ್ಟುಡಿಯೋದವನೊಬ್ಬ ನರಿಯ ಕಥೆಯ ಮೊದಲ ಕಂತು ಕೊಟ್ಟಿದ್ದ.

"ಶುಕ್ರವಾರದೊಳಗೆ ನರಿ ಬಾಯಿಗೆ ಮಾತು ಕೂಡಿದ್ರೆ ಇಡೀ ಸರಣಿ ನಿಮ್ಮದು ಮೇಡಂ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ."

ಬೇಜಾರಿನ ಮಾತೆಲ್ಲಿ ಬಂತು? ಕೂಡದಿದ್ದರೆ ಮತ್ತೆ ಹಳೇ ಆಫೀಸಿನ ಬಾಗಿಲು ತಟ್ಟಬೇಕಿತ್ತು.

ಮೊದಲು ಮನೆಯಲ್ಲೇ ಕೂತಳು. ಬಾಡಿಗೆಯಿಲ್ಲ, ಬಸ್ಸಿನ ನೂಕಾಟವಿಲ್ಲ. ಆದರೆ ಅತ್ತೆ ಊಟಕ್ಕೆ ಕೂತ ಹೊತ್ತಿಗೇ ಕರಡಿಗೆ ಸಿಟ್ಟು ಬರಬೇಕೇ!

"ಇನ್ನೂ ಎಷ್ಟು ತಿಂತೀಯೇ ಮುದುಕಿ!"

ಅತ್ತೆ ತಟ್ಟೆ ಸರಿಸಿ ಎದ್ದರು.

"ಅಯ್ಯೋ ಅತ್ತೆ, ಅದು ನಾನಲ್ಲ, ಕರಡಿ!"

"ಕರಡಿ ನಿನ್ನ ಬಾಯಲ್ಲಿ ಯಾಕಮ್ಮ ಮಾತಾಡುತ್ತೆ?"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಅರ್ಧ ದಿನ ಕೈಬಿಟ್ಟು ಹೋಗಿತ್ತು. ಮಾರನೆಯ ದಿನ ಕಾಫಿ ಅಂಗಡಿಯ ಮೂಲೆ ಹಿಡಿದಳು. ಗದ್ದಲದಲ್ಲಿ ದನಿಯೇನೋ ಮುಚ್ಚಿಹೋಯಿತು, ನರಿಯಂತೆ ಬಾಯಿ ತಿರುಚುವ ಮುಖ ಮುಚ್ಚಬೇಕಲ್ಲ? ಎದುರು ಕೂತಿದ್ದ ದಪ್ಪ ಮೀಸೆಯವನು ಎದ್ದು ಬಂದ. "ಏನ್ರೀ, ಆಗಿಂದ ನೋಡ್ತಿದ್ದೀನಿ, ನನ್ನನ್ನ ಅಣಕಿಸ್ತಿದ್ದೀರಾ?"

ಅವಳ ತಮ್ಮ ಇಬ್ಬರು ಗೆಳೆಯರ ಜೊತೆ ಹೊಸ ಕಂಪನಿ ಕಟ್ಟುತ್ತಿದ್ದ. "ಅಕ್ಕಾ, ನಮ್ಮ ಜಾಗಕ್ಕೆ ಬಾ. ಹತ್ತಾರು ಜನ ಒಂದೇ ಹಾಲ್‌ನಲ್ಲಿ ಕೂತು ಅವರವರ ಕೆಲಸ ಮಾಡ್ತೀವಿ. ಯಾರ ತಂಟೆಗೂ ಯಾರೂ ಬರಲ್ಲ," ಎಂದು ಕರೆದೊಯ್ದ. ತಮ್ಮನಂಥವರಿಗೆ ಅದು ತವರುಮನೆಯೇ ಸರಿ. ಗಿರಾಕಿ ಬಂದರೆ ಕೂರಿಸಲು ಕೋಣೆ, ಪಕ್ಕದ ಮೇಜಿನಲ್ಲೇ ಲೆಕ್ಕಪತ್ರ ಬಲ್ಲವರು, ವೆಬ್‌ಸೈಟ್ ಮಾಡುವವರು. ಆದರೆ ಪೆನ್ನು ಬಿದ್ದರೂ ತಲೆಗಳು ತಿರುಗುವಷ್ಟು ಮೌನ. ಕರಡಿ ಗುರ್ ಎಂದದ್ದೇ ತಡ, ಎಲ್ಲರ ಕಿವಿಯಿಂದ ಹೆಡ್‌ಫೋನ್ ಕೆಳಗಿಳಿಯಿತು. ಫೋನಿನಲ್ಲಿ ಮಾತಾಡಲು ಇಟ್ಟಿದ್ದ ಗಾಜಿನ ಡಬ್ಬಿಯೊಳಗೆ ಅವಳನ್ನು ಕಳಿಸಿದರು. ಸದ್ದು ಹೊರಬರಲಿಲ್ಲ ನಿಜ, ಆದರೆ ಹೊರಗೆ ನೋಡುವವರ ಸಾಲು ನಿಂತಿತು. ಮೃಗಾಲಯ ಅಂದುಕೊಂಡರೋ ಏನೋ.

"ನಿನ್ನಿಂದ ನನ್ನ ಮಾನ ಹೋಯ್ತು ಕಣೇ," ಎಂದ ತಮ್ಮ.

"ಬಾ ಅಂದಿದ್ದು ಯಾರೋ?"

ಅದೇ ಕಟ್ಟಡದಲ್ಲಿ ಒಬ್ಬರೇ ಕೂರುವ ಕೋಣೆಯೂ ಇತ್ತು, ಬಾಗಿಲು ಹಾಕಿಕೊಂಡರೆ ಕೇಳುವವರಿಲ್ಲ. ಆದರೆ ವರ್ಷಕ್ಕೆ ಸಹಿ ಹಾಕಬೇಕಂತೆ. ಶುಕ್ರವಾರ ದಾಟುತ್ತೇನೋ ಇಲ್ಲವೋ ಅನ್ನುವವಳು ವರ್ಷವನ್ನು ಹೇಗೆ ಒಪ್ಪಿಕೊಂಡಾಳು?

ಮುಖ ಇಳಿಬಿಟ್ಟುಕೊಂಡು ಬರುವಾಗ, ಹೊಲಿಯಲು ಕೊಟ್ಟಿದ್ದ ಪರದೆ ನೆನಪಾಗಿ ದರ್ಜಿ ಅಂಗಡಿಯ ಮಹಡಿ ಹತ್ತಿದಳು. ಮಿಷನ್‌ಗಳು ಒಟ್ಟಿಗೆ ಕಟಕಟ ಓಡುತ್ತಿದ್ದವು, ಹೆಂಗಸರೆಲ್ಲ ತಲೆ ತಗ್ಗಿಸಿ ಸೂಜಿಯನ್ನೇ ನೋಡುತ್ತಿದ್ದರು. ಮಾತಿನಕ್ಕ ಮೆಲ್ಲಗೆ ಒಮ್ಮೆ ಗುರ್ ಎಂದಳು. ಒಂದು ತಲೆಯೂ ಏಳಲಿಲ್ಲ! ನಾಚಿಕೆ ಬಿಟ್ಟು ಅಂಗಡಿಯ ಯಜಮಾನಿಯನ್ನು ಕೇಳಿಯೇಬಿಟ್ಟಳು.

"ಬಟ್ಟೆ ಕತ್ತರಿಸೋ ಮೇಜಿನ ಆ ತುದಿ ಖಾಲಿ ಇದೆ, ಕೂತ್ಕೋ," ಎಂದಳು ದರ್ಜಿಯಕ್ಕ. "ಬಟ್ಟೆ ಮೇಲೆ ಕಾಫಿ ಚೆಲ್ಲಬೇಡ ಅಷ್ಟೆ."

ಅಲ್ಲಿ ಕೂತು ಕೆಲಸ ಸರಸರ ಸಾಗಿತು. ಗುರುವಾರ ಕೊನೆಯ ದೃಶ್ಯ. ನರಿ ಬಾವಿಯೊಳಗೆ, ಕರಡಿ ಮೇಲೆ. ಮಾತಿನಕ್ಕ ಕಣ್ಣರಳಿಸಿ, "ಹಗ್ಗ ಬೇಕಾ ನಿಂಗೆ ಹಗ್ಗ!" ಎಂದು ಅಬ್ಬರಿಸುವುದಕ್ಕೂ ಕರೆಂಟು ಹೋಗಿ ಮಿಷನ್‌ಗಳೆಲ್ಲ ನಿಲ್ಲುವುದಕ್ಕೂ ಸರಿಹೋಯಿತು. ಅವಳ ದನಿ ಗೋಡೆಗೆ ಬಡಿದು ವಾಪಸು ಬಂತು. ಎಲ್ಲರೂ ತಿರುಗಿದರು.

ಅವಳ ಜೀವ ಬಾಯಿಗೆ ಬಂತು. ಇಲ್ಲಿಂದಲೂ ಎಬ್ಬಿಸಿದರೆ ಇನ್ನು ಜಾಗವಿಲ್ಲ, ದಿನವೂ ಇಲ್ಲ. ತಾನಾಗಿಯೇ ಲ್ಯಾಪ್‌ಟಾಪ್ ಮಡಚಿದಳು.

"ಹೊರಡ್ತೀನಿ ಅಕ್ಕ, ತಪ್ಪು ತಿಳೀಬೇಡಿ."

"ಹೊರಡೋದು ಎಲ್ಲಿಗೆ?" ಎಂದಳು ದರ್ಜಿಯಕ್ಕ. " ನರಿ ಮೇಲಕ್ಕೆ ಬಂತೋ ಇಲ್ವೋ ಹೇಳು!"

"ಅಂದ್ರೆ... ನಿಮಗೆ ಕೇಳಿಸ್ತಿತ್ತಾ?"

ಗುಂಡಿ ಹೊಲಿಯುತ್ತಿದ್ದವಳು ಕಿಸಕ್ಕನೆ ನಕ್ಕಳು. "ಮತ್ತೆ? ಇವರೆಲ್ಲ ದಾರ ಬದಲಿಸ್ತೀನಿ ಅಂತ ಗಳಿಗೆಗೊಂದ್ಸಲ ಮಿಷನ್ ನಿಲ್ಲಿಸ್ತಿದ್ದಿದ್ದು ಯಾಕೆ ಅನ್ಕೊಂಡೆ? ಆ ಕರಡಿ ನಮ್ಮ ಮನೆ ಯಜಮಾನರ ಹಾಗೇ ಕಿರುಚುತ್ತೆ ಕಣಮ್ಮ!"

ಆಗ ಮಾತಿನಕ್ಕನಿಗೆ ಜೀವದಲ್ಲಿ ಜೀವ ಬಂತು. ಮಡಚಿದ್ದನ್ನು ಬಿಚ್ಚಿದಳು. ಇಷ್ಟು ದಿನ ಗಂಟಲಲ್ಲೇ ನುಂಗುತ್ತಿದ್ದ ದನಿಯನ್ನು ಪೂರ್ತಿ ಹೊರಬಿಟ್ಟು ಆ ದೃಶ್ಯವನ್ನು ಆಡಿ ತೋರಿಸಿದಳು. ನರಿಯ ಬಾಯಿಗೂ ಅವಳ ಬಾಯಿಗೂ ಕೂದಲೆಳೆಯ ಸಂದೂ ಉಳಿಯಲಿಲ್ಲ.

ಶುಕ್ರವಾರ ಸಂಜೆ ಸ್ಟುಡಿಯೋದಿಂದ ಫೋನ್ ಬಂತು. "ಬಾಯಿ ಕೂಡಿದೆ ಮೇಡಂ. ಮುಂದಿನ ಕಂತು ಕಳಿಸ್ಲಾ?"

ಹೂಂ ಅಂದಳು. ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಳು.

"ಏನಂತೆ?" ಎಂದಳು ದರ್ಜಿಯಕ್ಕ.

"ಸರಣಿ ನಂದೇ ಅಂತೆ."

"ಹಾಗಾದ್ರೆ ಆ ಮೇಜಿನ ತುದಿನೂ ನಿಂದೇ. ಬಾಡಿಗೆ ತಿಂಗಳಿಗೊಂದ್ಸಲ ಕೊಡು. ಆದ್ರೆ ಒಂದು ಮಾತು, ಭಾನುವಾರ ನಾವಿರಲ್ಲ. ನಮ್ಮನ್ನ ಬಿಟ್ಟು ಕಥೆ ಮುಂದಕ್ಕೆ ಓಡಿಸಿದ್ರೆ ನೋಡು ಮತ್ತೆ!"

ಮಾತಿನಕ್ಕ ನರಿಯ ದನಿಯಲ್ಲೇ ಗೋಗರೆದು ಒಪ್ಪಿಕೊಂಡಳು.