ನಾನು ಕೊಡವಿಕೊಂಡ ಕೈ

ದೆವ್ವ, ಆತ್ಮ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಹಿಂದೆ ನಾನು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಅಲ್ಲಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೇನೆಂಬ ಜಂಬ ಬೇರೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ, ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಏಕೆಂದು ಹೇಳಲು ನಾಚಿಕೆಯಾಗುತ್ತದೆ.

ನನ್ನ ತಾತ, ಅಂದರೆ ತಾಯಿಯ ತಂದೆ, ಕುರುಗೋಡಿನ ಹತ್ತಿರದ ಬಾದನಹಟ್ಟಿಯಲ್ಲಿ ಮಾಸ್ತರರಾಗಿದ್ದರು. ನಾನು ಬೆಳೆದದ್ದು ಅವರ ಮನೆಯಲ್ಲಿ, ಅಕ್ಷರ ಕಲಿತದ್ದು ಅವರ ಜಗಲಿಯ ಮೇಲೆ. ನೆಲಕ್ಕೆ ಮರಳು ಹರಡಿ, ಮಗುವಿನ ಬೆನ್ನ ಹಿಂದೆ ಕೂತು, ಅದರ ಕೈ ಮೇಲೆ ತಮ್ಮ ಕೈಯಿಟ್ಟು ತಿದ್ದಿಸುತ್ತಿದ್ದರು. ಮರಳಿಗೆ ಉಜ್ಜಿ ಉಜ್ಜಿ ಅವರ ಬೆರಳ ತುದಿಗಳು ಒರಟಾಗಿದ್ದವು. ಗೆರೆ ತಿರುಗುವ ಕಡೆಯಲ್ಲೆಲ್ಲ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದರು. ಒಬ್ಬರಿಗೂ ಹೊಡೆದವರಲ್ಲ. "ಕೈ ಸಡಿಲ ಬಿಡು, ಅಕ್ಷರ ತಾನಾಗೇ ಬರತೈತಿ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಒಂದೇ ಒಂದು ಸಲ ಆ ಕೈ ಮುಟ್ಟಿದರೆ ಸಾಕು ಎಂದು ಬಳ್ಳಾರಿಯ ಕೋಣೆಯಲ್ಲಿ ಮುಸುಕೆಳೆದುಕೊಂಡು ಅತ್ತಿದ್ದೇನೆ. ಇದು ಸುಳ್ಳಲ್ಲ.

ದಸರೆಗೆ ಊರಿಗೆ ಹೋದಾಗ, ಸಿರುಗುಪ್ಪದ ಕಡೆಯ ದೇಶನೂರಿನಿಂದ ಈರಣ್ಣ ಬಂದ. ಚಿಕ್ಕಂದಿನಲ್ಲಿ ತಾತನ ಹತ್ತಿರ ಕಲಿತವನು, ಈಗ ಭತ್ತದ ಗದ್ದೆ ಮಾಡಿಕೊಂಡಿದ್ದ.

"ನಮ್ಮ ಮಗಳು ಗಂಗಿಗೆ ಅಕ್ಷರ ತಿದ್ದಸಾಕ ನಾನೇ ಬರ್ತೀನಿ ಅಂದಿದ್ರು ಮಾಸ್ತರು. ಅಷ್ಟರಾಗ ಹೋಗಿಬಿಟ್ರು. ಅವರ ಬದಲಿ ನೀವರ ಬರ್ರಿ" ಎಂದ. ಇಲ್ಲ ಎನ್ನಲಾಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅವರ ಅಂಗಳದಲ್ಲಿ, ಗೋಡೆಗೆ ಬೆನ್ನು ಮಾಡಿ ಕೂತೆ. ಗಂಗಿ ನನ್ನ ಮುಂದೆ ಕೂತಳು, ಅವಳ ಮುಂದೆ ತಟ್ಟೆಯ ತುಂಬ ಅಕ್ಕಿ. 'ಓಂ ನಮಃ ಶಿವಾಯ' ಬರೆಸಬೇಕು. ನನ್ನ ಮನಸ್ಸೆಲ್ಲ ವಾಪಸು ಹೋಗುವ ಬಸ್ಸಿನ ಮೇಲೆ. 'ಓಂ' ಸೊಟ್ಟಗೆ ಬಂತು.

ಮುಂದಿನ ಅಕ್ಷರಕ್ಕೆ ಅವಳ ಬೆರಳು ಹಿಡಿದೆ. ಆಗ ನನ್ನ ಕೈ ಮೇಲೆ ಇನ್ನೊಂದು ಕೈ ಬಂದು ಕೂತಿತು. ಒರಟು ಬೆರಳುಗಳು. ಗೆರೆ ತಿರುಗುವ ಕಡೆ ಹೆಬ್ಬೆರಳು ಮೆಲ್ಲಗೆ ಒತ್ತಿತು. ಸುಡು ಬಿಸಿಲು, ಎದುರಿಗೆ ಜನ. ಯಾರ ಕೈ ಎಂದು ನಾನು ತಿರುಗಿ ನೋಡಬೇಕಾಗಿರಲಿಲ್ಲ.

ಚೇಳು ಕುಟುಕಿದವನಂತೆ ಕೊಡವಿ ಕೈ ಹಿಂದಕ್ಕೆ ಎಳೆದುಕೊಂಡೆ. ಯಾರಿಗಾಗಿ ಅತ್ತಿದ್ದೆನೋ ಅವರಿಗೇ ಹೆದರಿದೆ. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಗಂಗಿಯ ಬೆರಳು ಮಾತ್ರ ನಿಲ್ಲಲಿಲ್ಲ. ಬಳಪವನ್ನೇ ಹಿಡಿಯದ ಆ ಮಗು ಉಳಿದ ಅಕ್ಷರಗಳನ್ನೆಲ್ಲ ಗುಂಡಗೆ ಬರೆದು ಮುಗಿಸಿತು. ನಾನು ಮೊಣಕಾಲ ಮೇಲೆ ಕೈ ಒತ್ತಿಕೊಂಡು ನೋಡುತ್ತಿದ್ದೆ. ಎದುರಿಗಿದ್ದವರಿಗೆ ಅವಳ ಬಗ್ಗಿದ ತಲೆ ಅಡ್ಡವಾಗಿತ್ತೇನೋ, ನಾನು ಕೈ ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಈರಣ್ಣ ತಟ್ಟೆ ನೋಡಿ ಕಣ್ಣು ಒರೆಸಿಕೊಂಡ.

"ಥೇಟ್ ಮಾಸ್ತರ ಕೈ ನೋಡ್ರಿ" ಎಂದು ನನ್ನ ಕಾಲಿಗೆ ಬಿದ್ದ. ನನ್ನದಲ್ಲ ಎನ್ನಬೇಕಿತ್ತು, ಅನ್ನಲಿಲ್ಲ. ಅವರು ಬಡಿಸಿದ ಹೋಳಿಗೆಯನ್ನೂ ತಲೆ ತಗ್ಗಿಸಿಕೊಂಡು ತಿಂದೆ.

ಹೊರಡುವ ಮುಂಚೆ ತಡೆಯಲಾರದೆ ಗಂಗಿಯನ್ನು ಕೇಳಿದೆ: "ನಾನು ಕೈ ಬಿಟ್ಟ ಮ್ಯಾಲ ಹೆಂಗ ಬರದಿ?"

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನೀವು ಬಿಟ್ಟೇ ಇಲ್ಲಲ್ರಿ."

ದುಃಖದಲ್ಲಿದ್ದ ಮನಸ್ಸಿನ ಭ್ರಮೆ ಎಂದುಕೊಂಡೆ, ಅಣ್ಣಂದಿರನ್ನು ನೋಡಿ ಹುಡುಗಿ ಕಲಿತಿರಬೇಕು ಎಂದುಕೊಂಡೆ. ಒಂದು ಕಾರಣ ಒಂದಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆಮೇಲೆ ನಾನೂ ಮೇಷ್ಟ್ರಾಗಿ ಎಷ್ಟೋ ಮಕ್ಕಳ ಕೈ ಹಿಡಿದು ತಿದ್ದಿಸಿದೆ. ಪ್ರತಿ ಸಲವೂ ಕೈ ಸಡಿಲ ಬಿಟ್ಟು ಒಂದು ಗಳಿಗೆ ಕಾಯುತ್ತೇನೆ. ಯಾರೂ ಬಂದಿಲ್ಲ. ಇನ್ನೊಮ್ಮೆ ಬಂದರೆ ಎಳೆದುಕೊಳ್ಳುವುದಿಲ್ಲ ಎಂದು ಬರೆಯಬೇಕೆನಿಸುತ್ತದೆ. ಆದರೆ ಆ ಬೆಳಿಗ್ಗೆ ತಟ್ಟೆಯ ಮುಂದೆ ಕೂರುವ ಮೊದಲು ನನ್ನನ್ನು ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದೆ.